ಮಲೇರಿಯಾ ಟೆಸ್ಟಿಗೆ ಒಂದು ಮನೆ ಎಷ್ಟು ಕೊಡುತ್ತೆ?

ಎರಡು ಮೂರು ದಿನ ಆದ್ರೂ ಜ್ವರ ಬಿಡ್ಲಿಲ್ಲ ಅಂದ್ರೆ ಡಾಕ್ಟ್ರು ಒಂದು ಚೀಟಿ ಬರ್ಕೊಡ್ತಾರೆ. ಅದ್ರಲ್ಲಿ ಸಾಮಾನ್ಯವಾಗಿ ಇರೋದು ರಕ್ತಕಣ ಎಣಿಸೋ ಸಿಬಿಸಿ, ಟೈಫಾಯ್ಡಿಗೆ ವೈಡಾಲ್, ಡೆಂಗಿ, ಕೊನೇಲಿ ಎಂಪಿ. ಎಂಪಿ ಅಂದ್ರೆ ಮಲೇರಿಯಾ ಪ್ಯಾರಾಸೈಟ್, ರಕ್ತದಲ್ಲಿ ಮಲೇರಿಯಾ ರೋಗಾಣು ಇದ್ಯಾ ಅಂತ ನೋಡೋದು. ಚೀಟಿ ಹಿಡ್ಕೊಂಡು ಲ್ಯಾಬಿಗೆ ಬಂದೋರು ಮೊದ್ಲು ಕೇಳೋದು ಒಟ್ಟು ಎಷ್ಟಾಗುತ್ತೆ ಅಂತ. ರೇಟ್ ಹೇಳಿದ್ಮೇಲೆ ಜೊತೆಗೆ ಬಂದೋರ ಮುಖ ನೋಡ್ತಾರೆ, ಆಮೇಲೆ "ಇದ್ರಾಗೆ ಯಾವ್ದಾದ್ರೂ ಬಿಡಬೌದಾ ಮೇಡಂ" ಅಂತಾರೆ. ಬಿಡೋದು ಹೆಚ್ಚಾಗಿ ಎಂಪಿನೇ.

ನಾನು ದಾವಣಗೆರೆಯಲ್ಲಿ ಒಂದು ಖಾಸಗಿ ಲ್ಯಾಬಲ್ಲಿ ಟೆಕ್ನಿಷಿಯನ್. ತವರು ಹಿರಿಯೂರು ತಾಲ್ಲೂಕು, ವಾಣಿವಿಲಾಸ ಸಾಗರದ ಕಾಲುವೆ ಹಾಯೋ ಊರು, ಅಲ್ಲಿ ನಮ್ಮ ಅತ್ತಿಗೆ ಆಶಾ ಕಾರ್ಯಕರ್ತೆ. ಹಂಗಾಗಿ ಒಂದೇ ಟೆಸ್ಟನ್ನ ಪೇಟೆಯಲ್ಲಿ ದುಡ್ಡು ತಗೊಂಡು ಮಾಡೋದನ್ನೂ, ಹಳ್ಳಿಯಲ್ಲಿ ಪುಕ್ಕಟೆ ಮಾಡೋದನ್ನೂ ಹತ್ತಿರದಿಂದ ನೋಡ್ತಾ ಬಂದಿದ್ದೀನಿ. ಮನೆಯೋರು ಮಲೇರಿಯಾ ಟೆಸ್ಟಿಗೆ ಎಷ್ಟು ಕೊಡೋಕೆ ತಯಾರಿರ್ತಾರೆ ಅನ್ನೋದು ಆರೋಗ್ಯ ಅರ್ಥಶಾಸ್ತ್ರ ಓದಿದೋರ ಒಂದು ದೊಡ್ಡ ಪ್ರಶ್ನೆ. ಆಫ್ರಿಕಾದಲ್ಲಿ, ಅದ್ರಲ್ಲೂ ನೈಜೀರಿಯಾದಲ್ಲಿ, ಪೇಟೆ ಹಳ್ಳಿ ಎರಡೂ ಕಡೆ ಮನೆ ಮನೆಗೆ ಹೋಗಿ ಇದನ್ನ ಕೇಳಿ ಲೆಕ್ಕ ಹಾಕಿದ್ದಾರೆ. ಜಗತ್ತಿನ ಮಲೇರಿಯಾ ಕೇಸುಗಳಲ್ಲಿ ಸುಮಾರು ಕಾಲು ಭಾಗ ಆ ಒಂದೇ ದೇಶದ್ದು, ಅಲ್ಲಿ ಈ ಪ್ರಶ್ನೆ ಜೀವನ್ಮರಣದ್ದು. ಅದನ್ನ ಓದಿದಾಗಿಂದ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಇದೇ ಪ್ರಶ್ನೆ ಹೆಂಗೆ ಕಾಣುತ್ತೆ ಅಂತ ಯೋಚ್ನೆ ಮಾಡ್ತಾನೇ ಇದ್ದೀನಿ.

ಮೊದ್ಲು ಎಂಪಿ ಯಾಕೆ ಬಿಡ್ತಾರೆ ಅನ್ನೋದು ಹೇಳ್ತೀನಿ. ದುಡ್ಡು ಜಾಸ್ತಿ ಅಂತಲ್ಲ, ಚೀಟಿಯಲ್ಲಿ ಇರೋದ್ರಲ್ಲಿ ಅದೇ ಕಮ್ಮಿ ರೇಟಿಂದು ಎಷ್ಟೋ ಸಲ. ಸ್ಲೈಡ್, ಅಂದ್ರೆ ಗಾಜಿನ ಮೇಲೆ ರಕ್ತ ಹಚ್ಚಿ ಮೈಕ್ರೋಸ್ಕೋಪಲ್ಲಿ ನೋಡೋಕೆ ಖಾಸಗಿ ಲ್ಯಾಬಲ್ಲಿ ನೂರು ಇನ್ನೂರು ತಗೋತಾರೆ, ಗೆರೆ ಮೂಡಿ ಉತ್ತರ ಹೇಳೋ ಕಾರ್ಡ್ ಟೆಸ್ಟಾದ್ರೆ ಸ್ವಲ್ಪ ಜಾಸ್ತಿ. ಅದೇ ಮನೆಯೋರು ಡೆಂಗಿ ಟೆಸ್ಟಿಗೆ ಮರುಮಾತಾಡದೆ ಕೊಡ್ತಾರೆ. 2024ರ ಮಳೆಗಾಲ ನೆನಪಿರಬೇಕು ಎಲ್ಲರಿಗೂ, ರಾಜ್ಯದ ತುಂಬ ಡೆಂಗಿ, ಜುಲೈನಲ್ಲಿ ಸರ್ಕಾರನೇ ಖಾಸಗಿಯವರಿಗೆ ರೇಟ್ ಕಟ್ಟಿತು, ಎಲೈಸಾ ಅನ್ನೋ ಲ್ಯಾಬ್ ವಿಧಾನದಲ್ಲಿ ಮಾಡೋ ಎನ್‌ಎಸ್1, ಐಜಿಎಂ ಅನ್ನೋ ಎರಡು ಡೆಂಗಿ ಟೆಸ್ಟಿಗೆ ತಲಾ 300, ಕಾರ್ಡ್ ಟೆಸ್ಟಿಗೆ 250 ರೂಪಾಯಿ ಮೀರಬಾರ್ದು ಅಂತ. ಆಗ ಜನ ಬೆಳಿಗ್ಗೆ ಸಾಯಂಕಾಲ ಪ್ಲೇಟ್‌ಲೆಟ್ ಮಾಡಿಸ್ಕೊಂಡು ಹೋಗೋರು, ಒಂದೇ ದಿನ ಎರಡು ಸಲ. ಭಯ ಇದ್ರೆ ದುಡ್ಡು ಹೆಂಗೋ ಹೊರಗೆ ಬರುತ್ತೆ, ಸಾಲ ಮಾಡಿಯಾದ್ರೂ. ಮಲೇರಿಯಾ ಬಗ್ಗೆ ಆ ಭಯ ನಮ್ಮ ಕಡೆ ಈಗ ಉಳಿದಿಲ್ಲ. ಅದು ನಮ್ಮಜ್ಜಿ ಕಾಲದ ಕಾಯಿಲೆ ಅನ್ನೋ ಭಾವನೆ ಇದೆ.

ನನಗೆ ಇದ್ರಲ್ಲಿ ತುಂಬಾ ನೋವಾಗೋ ಸಂಗತಿ ಒಂದಿದೆ. ಡೆಂಗಿಗೆ ಅಂತಲೇ ಒಂದು ಮಾತ್ರೆ ಇಲ್ಲ. ಟೆಸ್ಟ್ ಪಾಸಿಟಿವ್ ಬಂದ್ರೆ ಜೋಪಾನವಾಗಿ ನೋಡ್ಕೊಳ್ಳೋದು, ನೀರು ಕುಡಿಸೋದು, ಅಪಾಯದ ಲಕ್ಷಣ ಕಂಡ್ರೆ ಅಡ್ಮಿಟ್ ಮಾಡೋದು, ಅದು ಬೇಕೇ ಬೇಕು, ಅದರ ಬೆಲೆ ಕಮ್ಮಿ ಅಂತ ಹೇಳ್ತಿಲ್ಲ. ಆದ್ರೆ ಮಲೇರಿಯಾಗೆ ಮಾತ್ರೆ ಇದೆ, ಆ ಮಾತ್ರೆ ಯಾವುದು ಅಂತ ತೀರ್ಮಾನ ಮಾಡೋದೇ ಟೆಸ್ಟು. ನಮ್ಮ ದೇಶದಲ್ಲಿ ಮಲೇರಿಯಾ ರೋಗಾಣು ಮುಖ್ಯವಾಗಿ ಎರಡು ಜಾತಿ, ವೈವಾಕ್ಸ್ ಮತ್ತೆ ಫಾಲ್ಸಿಪಾರಮ್. ವೈವಾಕ್ಸ್ ಆದ್ರೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ 14 ದಿನ ಪ್ರೈಮಾಕ್ವಿನ್, ಯಾಕಂದ್ರೆ ಅದು ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಆದ್ಮೇಲೆ ಮತ್ತೆ ಎದ್ದು ಬರುತ್ತೆ. ಫಾಲ್ಸಿಪಾರಮ್ ಆದ್ರೆ ಆರ್ಟಿಸುನೇಟ್ ಸೇರಿದ ಔಷಧಿ ಮೂರು ದಿನ, ಪ್ರೈಮಾಕ್ವಿನ್ ಒಂದೇ ಸಲ. ಫಾಲ್ಸಿಪಾರಮ್ ತಡ ಮಾಡಿದ್ರೆ ಮೆದುಳಿಗೆ, ಕಿಡ್ನಿಗೆ ಹೋಗಿ ಪ್ರಾಣ ತೆಗೆಯುತ್ತೆ. ಗರ್ಭಿಣಿಗೆ ಪ್ರೈಮಾಕ್ವಿನ್ ಕೊಡೋ ಹಂಗೇ ಇಲ್ಲ. ಇಷ್ಟೆಲ್ಲ ನಿಂತಿರೋದು ಒಂದು ಹನಿ ರಕ್ತದ ಮೇಲೆ, ಅದನ್ನೇ ಜನ "ಬಿಡ್ರಿ" ಅಂತಾರೆ.

ಇನ್ನೊಂದು ಕಾರಣ ಕಾಯಿಲೆಯ ಸ್ವಭಾವದಲ್ಲೇ ಇದೆ. ವೈವಾಕ್ಸ್ ಜ್ವರ ದಿನ ಬಿಟ್ಟು ದಿನ ಬರುತ್ತೆ. ಗಡಗಡ ನಡುಗಿಸಿ, ಮೈ ಕಾದು, ಬೆವರಿ, ಸಾಯಂಕಾಲಕ್ಕೆ ಇಳೀತು ಅಂದ್ರೆ ಮಾರನೇ ದಿನ ಮನುಷ್ಯ ಎದ್ದು ಹೊಲಕ್ಕೆ ಹೋಗ್ಬಿಡ್ತಾನೆ. "ಜ್ವರ ಬಿಟ್ಟೈತಲ್ಲ, ಮತ್ಯಾಕೆ ರಕ್ತ" ಅನ್ನೋ ಮಾತನ್ನ ನಮ್ಮ ಅತ್ತಿಗೆ ಪ್ರತಿ ಬೀದಿಯಲ್ಲೂ ಕೇಳ್ತಾರಂತೆ. ಮೈ ಆರಾಮಾಗಿರೋ ದಿನ ಟೆಸ್ಟಿಗೆ ಎಷ್ಟು ಕೊಡ್ತೀರಿ ಅಂದ್ರೆ ಉತ್ತರ ಒಂದು, ನಡುಗ್ತಾ ಕಂಬಳಿ ಹೊದ್ದು ಕೂತಿರೋ ದಿನ ಕೇಳಿದ್ರೆ ಇನ್ನೊಂದು. ಸರ್ವೆಯೋರು ಯಾವ ದಿನ ಬಾಗಿಲಿಗೆ ಬಂದ್ರು ಅನ್ನೋದ್ರ ಮೇಲೆ ಅಂಕಿ ಬದಲಾಗುತ್ತೆ.

ಹೆಂಗೆ ಕೇಳ್ತಾರೆ ಅನ್ನೋದೂ ಹೇಳಬೇಕು. ಒಂದು ವಿಧಾನದಲ್ಲಿ ಸುಮ್ನೆ "ಎಷ್ಟು ಕೊಡ್ತೀರಿ" ಅಂತ ಕೇಳಿ ಬರ್ಕೋತಾರೆ. ಇನ್ನೊಂದ್ರಲ್ಲಿ ಒಂದು ರೇಟ್ ಹೇಳಿ ಹೂಂ ಅಂದ್ರೆ ಏರಿಸ್ತಾ, ಊಹೂಂ ಅಂದ್ರೆ ಇಳಿಸ್ತಾ ಹೋಗ್ತಾರೆ, ಬಿಡ್ಡಿಂಗ್ ಅಂತಾರೆ ಅದಕ್ಕೆ. ಮೊದ್ಲು ಹೇಳಿದ ರೇಟು ಜನರ ಉತ್ತರವನ್ನ ತನ್ನ ಕಡೆ ಎಳ್ಕೊಳ್ಳುತ್ತೆ ಅನ್ನೋದು ಆ ವಿಧಾನದ ಗೊತ್ತಿರೋ ದೋಷ, ಅದನ್ನ ಅವರೇ ಒಪ್ಕೋತಾರೆ. ಬಾಯಲ್ಲಿ ಹೇಳೋ ದುಡ್ಡಿಗೂ ಜೇಬಿಂದ ತೆಗೆಯೋ ದುಡ್ಡಿಗೂ ವ್ಯತ್ಯಾಸ ಇರುತ್ತೆ ಅನ್ನೋದನ್ನೂ ಒಪ್ತಾರೆ. ನಮ್ಮ ಜನಕ್ಕೆ ಸಂತೆಯಲ್ಲಿ ಚೌಕಾಸಿ ಮಾಡಿ ಮಾಡಿ ರೂಢಿ, ನೂರು ಅಂದ್ರೆ ಐವತ್ತಕ್ಕೆ ಕೇಳೋದು ಕೈಗೆ ಬಂದ ವಿದ್ಯೆ. ಅದೇ ಪಕ್ಕದ ಮನೆಯೋರು ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತಿದ್ರೆ ಮರ್ಯಾದೆಗೆ ಅಂತ ಜಾಸ್ತಿನೂ ಹೇಳ್ತಾರೆ. ಕೆಲವರು ಸೊನ್ನೆ ಅಂತಾರೆ, ಅದು ಸರ್ಕಾರ ಮಾಡ್ಬೇಕಾದ ಕೆಲಸ, ನಾವ್ಯಾಕೆ ಕೊಡ್ಬೇಕು ಅನ್ನೋ ಸಿಟ್ಟಿನ ಸೊನ್ನೆ. ಆ ಸೊನ್ನೆಯನ್ನ ಟೆಸ್ಟ್ ಬೇಡ ಅನ್ನೋ ಸೊನ್ನೆ ಜೊತೆ ಸೇರಿಸಿದ್ರೆ ಲೆಕ್ಕ ಪೂರ್ತಿ ಹಾಳು.

ಅದಕ್ಕಿಂತ ಮುಖ್ಯ ಅಂದ್ರೆ ಉತ್ತರ ಹೇಳೋರು ಯಾರು ಅನ್ನೋದು. ಮನೆ ಅಂತ ಒಂದು ಬಾಯಿ ಇರಲ್ಲ. ಯಜಮಾನ ಒಂದು ಹೇಳ್ತಾರೆ, ಆದ್ರೆ ಜ್ವರ ಬಂದಿರೋದು ಸೊಸೆಗೆ. ಜಗಳೂರಿನ ಕಡೆಯಿಂದ, ಚನ್ನಗಿರಿ ಕಡೆಯಿಂದ ಹೆಣ್ಮಕ್ಕಳು ನಮ್ಮ ಲ್ಯಾಬಿಗೆ ಬಂದಾಗ ದುಡ್ಡು ಇರೋದು ಜೊತೆಗೆ ಬಂದಿರೋ ಗಂಡನ ಹತ್ರ ಅಥವಾ ಅತ್ತೆ ಹತ್ರ. ಚೀಟಿಯಲ್ಲಿ ಯಾವುದನ್ನ ಬಿಡಬೇಕು ಅಂತ ತೀರ್ಮಾನ ಮಾಡೋದೂ ಅವ್ರೇ. ಅದೇ ಮನೆಯ ಗಂಡುಮಗುಗೆ ಜ್ವರ ಬಂದ್ರೆ ಚೀಟಿಯಲ್ಲಿರೋದೆಲ್ಲ ಮಾಡಿಸ್ತಾರೆ, ಅದನ್ನೂ ನೋಡಿದ್ದೀನಿ. ಹಂಗಾಗಿ ಒಂದು ಮನೆ ಇಷ್ಟು ಕೊಡುತ್ತೆ ಅಂತ ಒಂದೇ ಅಂಕಿ ಬರೆದಾಗ ಆ ಮನೆಯೊಳಗೆ ಯಾರಿಗೆ ಎಷ್ಟು ಅನ್ನೋದು ಕಾಣದೇ ಹೋಗುತ್ತೆ.

ಹಳ್ಳಿ ವಿಷಯಕ್ಕೆ ಬರ್ತೀನಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಟೆಸ್ಟೂ ಪುಕ್ಕಟೆ, ಔಷಧಿನೂ ಪುಕ್ಕಟೆ, ಇದು ಇವತ್ತು ನಿನ್ನೆಯದಲ್ಲ. ಆದ್ರೂ ಹಳ್ಳಿಯೋರು ದುಡ್ಡು ಕೊಟ್ಟೇ ಕೊಡ್ತಾರೆ, ರಸೀದಿ ಇಲ್ಲದೆ. ಪಿಎಚ್‌ಸಿ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಇರೋದು ಪಕ್ಕದೂರಲ್ಲಿ ಅಂದ್ರೆ ಬಸ್ಸೋ ಆಟೋನೋ, ಜ್ವರ ಬಂದೋರ ಜೊತೆ ಇನ್ನೊಬ್ಬರು, ಇಬ್ಬರದೂ ಅವತ್ತಿನ ಕೂಲಿ ಹೋಯ್ತು. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದ್ರೆ ಪುಕ್ಕಟೆ ಟೆಸ್ಟಿಗೆ ಒಂದು ಮನೆ ಕಳ್ಕೊಳ್ಳೋದು ಏಳುನೂರರ ಮೇಲೆ, ನಮ್ಮ ಲ್ಯಾಬಿನ ರೇಟಿಗಿಂತ ಎಷ್ಟೋ ಜಾಸ್ತಿ. ಅದಕ್ಕೇ ಅವರು ಊರಲ್ಲೇ ಇರೋ ಆರ್‌ಎಂಪಿ, ಅಂದ್ರೆ ಡಾಕ್ಟರ್ ಡಿಗ್ರಿ ಇಲ್ಲದೆ ಔಷಧಿ ಕೊಡೋರ ಹತ್ರ ಒಂದು ಸೂಜಿ ಹಾಕಿಸ್ಕೊಂಡು, ಜಾಸ್ತಿ ಸುಸ್ತಾದ್ರೆ ಒಂದು ಬಾಟ್ಲಿ ಏರಿಸ್ಕೊಂಡು ಮಲಗ್ತಾರೆ. ಅದಕ್ಕೆ ಕೊಡೋ ದುಡ್ಡಲ್ಲಿ ಟೆಸ್ಟ್ ಎರಡು ಸಲ ಆಗ್ತಿತ್ತು. ಅವರನ್ನ ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ. ಸೂಜಿ ಹಾಕಿಸ್ಕೊಂಡ್ರೆ ಏನೋ ಆಯ್ತು ಅಂತ ಮೈಗೆ ಗೊತ್ತಾಗುತ್ತೆ, ಟೆಸ್ಟ್ ಮಾಡಿಸಿದ್ರೆ ನೆಗೆಟಿವ್ ಅಂತ ಒಂದು ಕಾಗದ ಬರುತ್ತೆ, ಜ್ವರ ಹಂಗೇ ಇರುತ್ತೆ. ನೆಗೆಟಿವ್ ಅನ್ನೋ ಉತ್ತರಕ್ಕೂ ಒಂದು ಬೆಲೆ ಇದೆ, ಇದು ಮಲೇರಿಯಾ ಅಲ್ಲ, ಬೇರೆ ಕಾರಣ ಹುಡುಕಬೇಕು ಅನ್ನೋದು ತಿಳೀತು ಅಂತ ಅರ್ಥ, ಆದ್ರೆ ಕೂಲಿ ಕಳ್ಕೊಂಡು ಬಂದೋರಿಗೆ ಅದನ್ನ ಕಾಗದ ಕೈಗೆ ಕೊಟ್ಟು ವಿವರಿಸಿ ಹೇಳೋರು ಯಾರು.

ಕಾಲದ ಲೆಕ್ಕನೂ ಇದೆ. ಸೊಳ್ಳೆ ಹೆಚ್ಚೋದು ಮಳೆ ಬಿದ್ಮೇಲೆ. ನಮ್ಮ ಕಡೆ ರೈತರ ಕೈ ಪೂರ್ತಿ ಖಾಲಿ ಇರೋದೂ ಅದೇ ತಿಂಗಳುಗಳಲ್ಲಿ. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರ್ ಅಂತ ಎಲ್ಲಾ ನೆಲಕ್ಕೆ ಹಾಕಿರ್ತಾರೆ. ದಾವಣಗೆರೆ ಕಡೆ ಮೆಕ್ಕೆಜೋಳ, ಚಳ್ಳಕೆರೆ ಕಡೆ ಶೇಂಗಾ, ಅದು ಮನೆಗೆ ಬಂದು ಮಾರಾಟ ಆಗೋವರೆಗೆ ಅಂಗಡಿಯಲ್ಲಿ ಸಾಲ. ಸುಗ್ಗಿ ಆದ್ಮೇಲೆ ಬಂದು ಎಷ್ಟು ಕೊಡ್ತೀರಿ ಅಂದ್ರೆ ಅದೇ ರೈತ ಧಾರಾಳವಾಗಿ ಹೇಳಬೌದು. ಆಗಸ್ಟ್‌ನಲ್ಲಿ ಕೇಳಿ ನೋಡಿ.

ನಮ್ಮ ಹಿರಿಯೂರಿಗೂ ಈ ಕಾಯಿಲೆಗೂ ಹಳೇ ನಂಟು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು, ಅದೇ ವಾಣಿವಿಲಾಸ ಸಾಗರ, ಕಟ್ಟಿ ಮುಗಿಸಿದ್ದು 1907ರಲ್ಲಿ. ಹಳೇ ಮೈಸೂರು ಸೀಮೆಯಲ್ಲಿ ಕಾಲುವೆ ನೀರು ಹೋದ ಕಡೆ ಚಳಿಜ್ವರನೂ ಹೋಯ್ತು, ಆಮೇಲೆ ಮಂಡ್ಯ ಕಡೆ ನಾಲೆ ಬಂದಾಗಲೂ ಅದೇ ಕಥೆ. ಹಳ್ಳಿ ಮಲೇರಿಯಾ ಹರಡೋ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಅನ್ನೋ ಸೊಳ್ಳೆ ಮೊಟ್ಟೆ ಇಡೋದು ಕಾಲುವೆ ಬದಿಯ ನಿಂತ ನೀರು, ಹಳ್ಳದ ಗುಂಡಿ, ಗದ್ದೆ ಇಂಥ ಕಡೆ. ಮೈಸೂರು ಸರ್ಕಾರ ಇದನ್ನ ಎಷ್ಟು ಗಂಭೀರವಾಗಿ ತಗೊಂಡಿತ್ತು ಅಂದ್ರೆ ಸೊಳ್ಳೆ ಮರಿ ತಿನ್ನೋ ಗಂಬೂಸಿಯಾ ಮೀನನ್ನ 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತರಿಸಿದ್ರು.

ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮ ಆಯ್ತು. ಮನೆ ಒಳಗೆ ಗೋಡೆಗೆಲ್ಲ ಡಿಡಿಟಿ ಹೊಡೆಯೋರು, ಹದಿನೈದು ದಿನಕ್ಕೊಮ್ಮೆ ಮನೆ ಮನೆಗೆ ಬಂದು ಜ್ವರ ಇದ್ಯಾ ಅಂತ ಕೇಳಿ ಬೆರಳು ಚುಚ್ಚಿ ಸ್ಲೈಡ್ ತಗೊಂಡು, ಗೋಡೆ ಮೇಲೆ ತಾರೀಕು ಬರೆದು ಹೋಗೋರು. ನಮ್ಮಜ್ಜಿ ಆ ಡಿಡಿಟಿ ವಾಸನೆ ಬಗ್ಗೆ, ಪಾತ್ರೆ ಪಡಗ ಎಲ್ಲಾ ಅಂಗಳಕ್ಕೆ ಹಾಕಿ ಕೂರ್ತಿದ್ದ ಬಗ್ಗೆ ಸಾಯೋವರೆಗೂ ಹೇಳೋರು. 1965ರ ಹೊತ್ತಿಗೆ ಕೇಸು ಒಂದು ಲಕ್ಷಕ್ಕೆ ಇಳಿದಿತ್ತು, ಅದು ಈ ದೇಶದ ದೊಡ್ಡ ಸಾಧನೆ. ಆಮೇಲೆ ಇನ್ನೇನು ಹೋಯ್ತು ಅಂತ ಕೈ ಸಡಿಲ ಬಿಟ್ರು, ದುಡ್ಡು ಕಮ್ಮಿ ಆಯ್ತು, ಸೊಳ್ಳೆಗೆ ಡಿಡಿಟಿ ತಾಕದಂಗಾಯ್ತು, 1976ಕ್ಕೆ 64 ಲಕ್ಷ ಕೇಸ್ ವಾಪಸ್ ಬಂತು. ಆ ಹತ್ತು ಹನ್ನೊಂದು ವರ್ಷದ ಕಥೆಯನ್ನ ಈಗ ಪ್ರತಿಯೊಬ್ಬರೂ ಓದಬೇಕು ಅಂತ ನನಗನ್ಸುತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ. ಆ ಮನೆ ಮನೆ ಸ್ಲೈಡಿಗೆ ಯಾರೂ ಯಾವ ಮನೆಗೂ ನೀವೆಷ್ಟು ಕೊಡ್ತೀರಿ ಅಂತ ಕೇಳಿರ್ಲಿಲ್ಲ.

ಪೇಟೆಯ ಮಲೇರಿಯಾ ಬೇರೆ ಥರ. ಅದನ್ನ ಹರಡೋದು ಅನಾಫಿಲಿಸ್ ಸ್ಟೀಫೆನ್ಸಿ, ಅದಕ್ಕೆ ಬೇಕಾಗಿರೋದು ಓವರ್‌ಹೆಡ್ ಟ್ಯಾಂಕು, ಮುಚ್ಚಳ ಇಲ್ಲದ ಸಂಪು, ಬಾವಿ, ಹೊಸ ಬಿಲ್ಡಿಂಗಿನ ಕ್ಯೂರಿಂಗ್ ನೀರು. ಪೇಟೆಯೋರು ಜಾಸ್ತಿ ಕೊಡ್ತಾರೆ, ಹಳ್ಳಿಯೋರು ಕಮ್ಮಿ ಕೊಡ್ತಾರೆ ಅನ್ನೋದು ಇಂಥ ಸರ್ವೆಗಳಲ್ಲಿ ಸಾಮಾನ್ಯವಾಗಿ ಬರೋ ಉತ್ತರ, ಸಂಪಾದನೆ ಮತ್ತೆ ಓದು ಜಾಸ್ತಿ ಇದ್ದಷ್ಟೂ ಹೇಳೋ ದುಡ್ಡು ಜಾಸ್ತಿ. ಆದ್ರೆ ದಾವಣಗೆರೆ ಅಂದ್ರೆ ಯಾವ ದಾವಣಗೆರೆ ಅಂತ ಕೇಳ್ಬೇಕು. ಎಂಸಿಸಿ ಬಿ ಬ್ಲಾಕಿನ ಮನೆಯೋರು ಚೀಟಿಯಲ್ಲಿ ಇರೋದೆಲ್ಲ ಮಾಡಿಸಿ ಫೋನ್‌ಪೇ ಮಾಡಿ ಹೋಗ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಜಾವದಿಂದ ಬೆಂಕಿ ಮುಂದೆ ನಿಂತು ದುಡಿಯೋರು, ಎಪಿಎಂಸಿಯ ಹಮಾಲರು, ಬೀದಿ ಬದಿ ಗಾಡಿಯೋರು, ಇವ್ರೂ ಪೇಟೆಯೋರೇ. ಹಳ್ಳಿಯಲ್ಲಾದ್ರೆ ಜ್ವರ ಅಂತ ಗೊತ್ತಾದ ತಕ್ಷಣ ಆಶಾ ಅಕ್ಕ ಬಾಗಿಲಿಗೆ ಬರ್ತಾರೆ, ಇಲ್ಲಿ ಅವ್ರನ್ನ ಯಾರೂ ಹುಡ್ಕೊಂಡು ಬರಲ್ಲ. ಪುಕ್ಕಟೆ ಟೆಸ್ಟ್ ಇರೋ ಕ್ಲಿನಿಕ್ ತೆಗೆಯೋ ಹೊತ್ತಿಗೆ ಅವ್ರು ಕೆಲಸದಲ್ಲಿರ್ತಾರೆ, ಅವ್ರು ಬಿಡುವಾಗೋ ಹೊತ್ತಿಗೆ ಅದು ಮುಚ್ಚಿರುತ್ತೆ. ರಾತ್ರಿ ಎಂಟಕ್ಕೆ ತೆಗೆದಿರೋದು ಮೆಡಿಕಲ್ ಶಾಪು ಮತ್ತೆ ನಮ್ಮಂಥ ಲ್ಯಾಬು. ಮೆಡಿಕಲ್ ಶಾಪಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಜ್ವರದ ಮಾತ್ರೆ ಕಟ್ಟಿಸ್ಕೊಂಡು ಹೋಗ್ತಾರೆ. ಪೇಟೆ ಬಡವರ ಅಂಕಿಯನ್ನ ಪೇಟೆ ಸರಾಸರಿ ನುಂಗಿ ಹಾಕುತ್ತೆ.

ಇನ್ನು ಪೇಟೆಯೂ ಅಲ್ಲದ ಹಳ್ಳಿಯೂ ಅಲ್ಲದ ಒಂದು ಗುಂಪಿದೆ, ಸರ್ವೆಯಲ್ಲಿ ಇವ್ರು ಸಿಗೋದೇ ಕಷ್ಟ. ಕೆಲಸ ಹುಡ್ಕೊಂಡು ಹೋಗಿ ಬರೋರು. ನಮ್ಮ ರಾಜ್ಯದಲ್ಲಿ ಮಲೇರಿಯಾ ಅಂದ್ರೆ ಬಹಳ ವರ್ಷ ಮಂಗಳೂರು ಅಂತಲೇ ಆಗಿತ್ತು, ಅಲ್ಲಿ ಕಟ್ಟಡ ಕೆಲಸದ ಸೈಟುಗಳಲ್ಲೇ ಜಾಸ್ತಿ. ಆ ಸೈಟುಗಳಿಗೆ ಸೆಂಟ್ರಿಂಗ್, ಗಾರೆ ಕೆಲಸಕ್ಕೆ ಬಯಲುಸೀಮೆಯ ಹುಡುಗ್ರು ಹೋಗ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಜ್ವರ ಬರುತ್ತೆ. ವೈವಾಕ್ಸ್ ಆದ್ರೆ ಲಕ್ಷಣ ಸರಿಯಾಗಿ ಕಾಣೋಕೆ ಮೊದ್ಲೇ ಅವ್ರ ರಕ್ತದಿಂದ ಸೊಳ್ಳೆಗೆ ದಾಟಿರಬೌದು. ಊರ ಕಾಲುವೆಯಲ್ಲಿ ಸೊಳ್ಳೆ ಇದ್ದೇ ಇದೆ, ಅದಕ್ಕೆ ಬೇಕಾಗಿರೋದು ರೋಗಾಣು ಹೊತ್ತ ಒಬ್ಬ ಮನುಷ್ಯ. ಅಲ್ಲಿಂದ ಸುಮಾರು ಹತ್ತು ಹದಿನೈದು ದಿನಕ್ಕೆ ಆ ಸೊಳ್ಳೆ ಇನ್ನೊಬ್ಬರಿಗೆ ಕೊಡೋ ಸ್ಥಿತಿಗೆ ಬರುತ್ತೆ. ನಮ್ಮ ಅತ್ತಿಗೆ ಹಬ್ಬದ ಟೈಮಲ್ಲಿ ಯಾರ ಮನೆಗೆ ಯಾರು ಬಂದ್ರು ಅಂತ ವಿಚಾರಿಸ್ತಾ ತಿರುಗೋದು ಇದಕ್ಕೇ, ಊರೋರು ಅದನ್ನ ಬೇರೆ ಥರ ಅರ್ಥ ಮಾಡ್ಕೊಂಡು ಗೊಣಗಿದ್ರೂ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆನೇ ನೋಡೋಕೆ ಹೋಗಿತ್ತು, ನಾವೂ ಮಕ್ಕಳನ್ನ ಕರ್ಕೊಂಡು ಹೋಗಿದ್ವಿ, ಎಂಥಾ ಸಂತೋಷ ಅದು. ಅತ್ತಿಗೆ ಮಾತ್ರ ನೀರು ನೋಡ್ತಾ ನಿಂತು "ಈ ಸಲ ಸ್ಲೈಡ್ ಜಾಸ್ತಿ ತೆಗೀಬೇಕಾಗತೈತೆ ಕಣಮ್ಮ" ಅಂದ್ರು.

ಈಗ ಹೇಳ್ಬೇಕು ಅಂತ ಕೂತ ಮುಖ್ಯ ವಿಷಯ. 2015ರಲ್ಲಿ ದೇಶದಲ್ಲಿ ದಾಖಲಾದ ಮಲೇರಿಯಾ ಕೇಸು 11.69 ಲಕ್ಷ, ಸಾವು 384. 2023ಕ್ಕೆ ಅದು 2.27 ಲಕ್ಷಕ್ಕೆ ಇಳೀತು, ಸಾವು 83. 2027ರ ಹೊತ್ತಿಗೆ ಸ್ಥಳೀಯವಾಗಿ ಹರಡೋ ಕೇಸ್ ಸೊನ್ನೆ ಮಾಡ್ಬೇಕು, 2030ಕ್ಕೆ ನಿರ್ಮೂಲನೆ ಅನ್ನೋದು ದೇಶದ ಗುರಿ. ಕೇಸ್ ಇಳಿದಷ್ಟೂ ಏನಾಗುತ್ತೆ ಅಂದ್ರೆ, ಒಂದು ಮನೆಯ ಲೆಕ್ಕದಲ್ಲಿ ಟೆಸ್ಟಿನ ಬೆಲೆ ಇಳೀತಾ ಹೋಗುತ್ತೆ. ನನಗೆ ಮಲೇರಿಯಾ ಇರೋ ಸಾಧ್ಯತೆನೇ ಇಲ್ಲ ಅನ್ನೋವಷ್ಟು ಕಮ್ಮಿ, ನಾನ್ಯಾಕೆ ಇನ್ನೂರು ಕೊಡ್ಲಿ, ಅದು ಸರಿಯಾದ ಲೆಕ್ಕನೇ, ನಾನು ಅವ್ರ ಜಾಗದಲ್ಲಿದ್ರೂ ಹಂಗೇ ಯೋಚ್ನೆ ಮಾಡ್ತಿದ್ದೆ. ಆದ್ರೆ ಊರಿನ ಲೆಕ್ಕದಲ್ಲಿ, ಜಿಲ್ಲೆಯ ಲೆಕ್ಕದಲ್ಲಿ ಅದು ಉಲ್ಟಾ. ಲಕ್ಷಾಂತರ ಕೇಸ್ ಇದ್ದಾಗ ಒಂದು ಕೇಸ್ ತಪ್ಪಿಹೋದ್ರೆ ಅದು ಲಕ್ಷದಲ್ಲಿ ಒಂದು. ಊರಲ್ಲಿ ಇರೋದೇ ಒಂದು ಕೇಸ್ ಆದಾಗ ಅದು ತಪ್ಪಿಹೋದ್ರೆ ಮತ್ತೆ ಪೂರ್ತಿ ಶುರುವಿಂದ ಶುರು. ಪಾಸಿಟಿವ್ ಅಂತ ಗೊತ್ತಾದ್ರೆ ಆರೋಗ್ಯ ಇಲಾಖೆಯೋರು ಬಂದು ಸುತ್ತಮುತ್ತಲ ಮನೆಯೋರ ರಕ್ತನೂ ನೋಡ್ತಾರೆ, ನೀರು ನಿಂತ ಕಡೆ ನೋಡ್ತಾರೆ, ಅಂದ್ರೆ ಒಬ್ಬ ಮಾಡಿಸಿದ ಟೆಸ್ಟಿನ ಲಾಭ ಇಡೀ ಬೀದಿಗೆ. ಅದರ ಖರ್ಚನ್ನ ಮಾತ್ರ ಆ ಒಂದು ಮನೆ ಮೇಲೆ ಹಾಕಿ, ನೀವೆಷ್ಟು ಕೊಡ್ತೀರಿ ಅಂತ ಕೇಳೋದು ನನ್ನ ಮನಸ್ಸಿಗೆ ಒಪ್ಪಲ್ಲ. 1965ರಿಂದ 1976ರವರೆಗೆ ಆಗಿದ್ದು ಇದೇ, ಕಾಯಿಲೆ ಕಣ್ಣಿಗೆ ಕಾಣದಂಗಾದಾಗ ಹುಡುಕೋ ಕೆಲಸಕ್ಕೆ ದುಡ್ಡು ಹಾಕೋ ಮನಸ್ಸು ಸರ್ಕಾರಕ್ಕೂ ಹೋಯ್ತು, ಜನಕ್ಕೂ ಹೋಯ್ತು.

ಸ್ವಲ್ಪನಾದ್ರೂ ದುಡ್ಡು ಇಟ್ರೆ ಜನಕ್ಕೆ ಬೆಲೆ ಗೊತ್ತಾಗುತ್ತೆ, ಪುಕ್ಕಟೆ ಕೊಟ್ರೆ ಕಿಮ್ಮತ್ತಿರಲ್ಲ ಅನ್ನೋ ವಾದ ನಮ್ಮ ಕಡೆ ಓದಿದೋರ ಬಾಯಲ್ಲಿ ತುಂಬಾ ಕೇಳ್ತೀನಿ. ಇದನ್ನ ಕೀನ್ಯಾದಲ್ಲಿ ಜೆಸ್ಸಿಕಾ ಕೋಹೆನ್ ಮತ್ತೆ ಪಾಸ್ಕಲೀನ್ ದ್ಯುಪಾ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞೆಯರು ಸೊಳ್ಳೆಪರದೆ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡಿದ್ರು, 2010ರಲ್ಲಿ ಪ್ರಕಟ ಆಯ್ತು. ಗರ್ಭಿಣಿಯರಿಗೆ ಪುಕ್ಕಟೆ ಕೊಡ್ತಿದ್ದ ಪರದೆಗೆ ಅಮೆರಿಕದ ದುಡ್ಡಿನ ಲೆಕ್ಕದಲ್ಲಿ 60 ಸೆಂಟ್ ಬೆಲೆ ಇಟ್ಟಾಗ ತಗೊಳ್ಳೋರ ಪ್ರಮಾಣ ಶೇಕಡಾ 60 ಅಂಶದಷ್ಟು ಕುಸೀತು. ದುಡ್ಡು ಕೊಟ್ಟು ತಗೊಂಡೋರು ಪುಕ್ಕಟೆ ತಗೊಂಡೋರಿಗಿಂತ ಜಾಸ್ತಿ ಬಳಸಿದ್ರು ಅನ್ನೋದಕ್ಕೂ ಪುರಾವೆ ಸಿಗ್ಲಿಲ್ಲ. ಅವ್ರೇ ಸಿಮೋನ್ ಶಾನರ್ ಜೊತೆ ಸೇರಿ ಆಮೇಲೆ ಮಾಡಿದ ಇನ್ನೊಂದು ಅಧ್ಯಯನ 2015ರಲ್ಲಿ ಬಂತು, ಅದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಔಷಧಿಗೆ ಮಾತ್ರ ಭಾರೀ ಸಬ್ಸಿಡಿ ಕೊಟ್ರೆ ಮಲೇರಿಯಾ ಇಲ್ಲದೋರೂ ಆ ಔಷಧಿ ತಗೊಂಡು ಹೋಗ್ತಾರೆ, ಅದ್ರಲ್ಲಿ ಸ್ವಲ್ಪ ದುಡ್ಡನ್ನ ಮೆಡಿಕಲ್ ಶಾಪಿನ ಕಾರ್ಡ್ ಟೆಸ್ಟಿಗೆ ತಿರುಗಿಸಿದ್ರೆ ಔಷಧಿ ಸರಿಯಾದ ಮನುಷ್ಯನಿಗೆ ಸೇರೋದು ಹೆಚ್ಚುತ್ತೆ ಅಂತ ಅದ್ರಲ್ಲಿ ಕಂಡುಬಂತು. ಟೆಸ್ಟನ್ನ ಅಗ್ಗ ಮಾಡಿ ಹತ್ತಿರ ಇಟ್ರೆ ಜನ ಮಾಡಿಸ್ತಾರೆ.

ನಾನು ಮಾಡೋ ಕೆಲಸನೂ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಆ ನೂರು ಇನ್ನೂರರಲ್ಲಿ ಏನಿದೆ ಅನ್ನೋದು ಹೊರಗಿನೋರಿಗೆ ಗೊತ್ತಿರಲ್ಲ. ಉಂಗುರದ ಬೆರಳು ಒರೆಸಿ ಚುಚ್ಚಿ, ಮೊದಲ ಹನಿ ಒರೆಸಿ ಹಾಕಿ, ಗಾಜಿನ ಮೇಲೆ ಒಂದು ಕಡೆ ದಪ್ಪ ಲೇಪ, ಇನ್ನೊಂದು ಕಡೆ ತೆಳು ಲೇಪ. ದಪ್ಪದ್ರಲ್ಲಿ ರೋಗಾಣು ಇದ್ಯಾ ಅಂತ ಹುಡುಕೋದು, ತೆಳುದ್ರಲ್ಲಿ ಯಾವ ಜಾತಿ ಅಂತ ನೋಡೋದು. ಒಣಗಿಸಿ, ಬಣ್ಣ ಹಾಕಿ, ಎಣ್ಣೆ ಹನಿ ಬಿಟ್ಟು ಮೈಕ್ರೋಸ್ಕೋಪಲ್ಲಿ ಕಮ್ಮಿ ಅಂದ್ರೂ ನೂರು ಫೀಲ್ಡ್, ಅಂದ್ರೆ ಒಂದು ಸಲಕ್ಕೆ ಕಾಣೋ ಅಷ್ಟು ಜಾಗ ನೂರು ಸಲ, ನೋಡದೆ ನೆಗೆಟಿವ್ ಅಂತ ಬರೀಬಾರ್ದು. ಸರ್ಕಾರಿ ಲ್ಯಾಬುಗಳಲ್ಲಿ ಬಹಳ ಕಾಲದಿಂದ ಬಳಸ್ತಾ ಬಂದ ಜೆಎಸ್‌ಬಿ ಅನ್ನೋ ಬಣ್ಣ ನಮ್ಮ ದೇಶದೋರೇ ಆದ ಜಸ್ವಂತ್ ಸಿಂಗ್ ಮತ್ತೆ ಭಟ್ಟಾಚಾರ್ಜಿ ಹೆಸರಲ್ಲಿರೋದು, ಅಗ್ಗ ಮತ್ತೆ ಬೇಗ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡದ್ದೂ ಇಂಥ ಒಂದು ಮೈಕ್ರೋಸ್ಕೋಪಿನ ಮುಂದೆ ಕೂತೇ. ಕಾರ್ಡ್ ಟೆಸ್ಟಿಗೆ ಮೈಕ್ರೋಸ್ಕೋಪ್ ಬೇಡ, ಹದಿನೈದು ಇಪ್ಪತ್ತು ನಿಮಿಷಕ್ಕೆ ಗೆರೆ ಮೂಡುತ್ತೆ, ಈಗಿನವು ಎರಡೂ ಜಾತಿ ಹೇಳ್ತವೆ. ಆದ್ರೆ ವಾಸಿಯಾದ್ಮೇಲೂ ಕೆಲವು ವಾರ ಫಾಲ್ಸಿಪಾರಮ್ ಗೆರೆ ತೋರಿಸ್ತಿರುತ್ತೆ, ಬಿಸಿಲಲ್ಲಿ ಇಟ್ರೆ ಕಿಟ್ ಕೆಡುತ್ತೆ, ಹಂಗಾಗಿ ಸ್ಲೈಡ್ ನೋಡೋ ಕಣ್ಣಿಗೆ ಇನ್ನೂ ಕೆಲಸ ಇದೆ. ಕೇಸ್ ಕಮ್ಮಿ ಆದಂಗೆ ಹೊಸದಾಗಿ ಬರೋ ಟೆಕ್ನಿಷಿಯನ್ ಹುಡುಗ್ರಿಗೆ ಪಾಸಿಟಿವ್ ಸ್ಲೈಡ್ ನೋಡೋ ಅವಕಾಶನೇ ಸಿಗ್ತಿಲ್ಲ, ಅದೂ ನನಗೆ ಚಿಂತೆ.

ಸರ್ಕಾರ ತಾನೆಷ್ಟು ಕೊಡೋಕೆ ತಯಾರಿದೆ ಅಂತನೂ ಯಾರಾದ್ರೂ ಕೇಳ್ಬೇಕು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆಶಾಗೆ ಒಂದು ಸ್ಲೈಡಿಗೋ ಕಾರ್ಡ್ ಟೆಸ್ಟಿಗೋ ಇಟ್ಟಿರೋ ಪ್ರೋತ್ಸಾಹಧನ 15 ರೂಪಾಯಿ. ಬಿಸಿಲಲ್ಲಿ ನಡ್ಕೊಂಡು ಹೋಗಿ, ಬೇಡ ಅಂದೋರ ಮನ ಒಲಿಸಿ, ಬೆರಳು ಚುಚ್ಚಿ, ಹೆಸರು ಬರ್ಕೊಂಡು, ಸ್ಲೈಡ್ ಒಡೆಯದಂಗೆ ಪಿಎಚ್‌ಸಿಗೆ ಮುಟ್ಟಿಸಿ, ಪಾಸಿಟಿವ್ ಬಂದ್ರೆ 14 ದಿನ ಮಾತ್ರೆ ನುಂಗಿದ್ರಾ ಅಂತ ನೋಡೋ ಹೆಣ್ಮಗಳ ಕೆಲಸ ಅದು. ಮನೆಯೋರು ಟೆಸ್ಟಿಗೆ ಇಷ್ಟೇ ಕೊಡ್ತಾರೆ ಅಂತ ವರದಿ ಬರೆಯೋ ಮುಂಚೆ ಈ ಅಂಕಿಯನ್ನೂ ಪಕ್ಕದಲ್ಲಿ ಇಡಲಿ.

ನನ್ನ ಆಸೆ ದೊಡ್ಡದೇನಲ್ಲ. ಜೂನ್‌ನಿಂದ ನವೆಂಬರ್‌ವರೆಗಾದ್ರೂ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ರ, ಎಪಿಎಂಸಿ ಹತ್ರ, ಬಸ್ ಸ್ಟ್ಯಾಂಡ್ ಹತ್ರ ಸಾಯಂಕಾಲ ಆರರಿಂದ ಒಂಬತ್ತರವರೆಗೆ ಒಬ್ಬರು ಕಾರ್ಡ್ ಕಿಟ್ ಇಟ್ಕೊಂಡು ಕೂರಲಿ, ದುಡ್ಡು ಕೇಳದೆ. ನಮ್ಮಂಥ ಖಾಸಗಿ ಲ್ಯಾಬಿಗೆ ಸರ್ಕಾರನೇ ಕಿಟ್ ಕೊಟ್ಟು, ಮಲೇರಿಯಾ ಟೆಸ್ಟಿಗೆ ಜನರ ಹತ್ರ ದುಡ್ಡು ತಗೋಬೇಡಿ, ಪ್ರತಿ ರಿಸಲ್ಟ್ ನಮಗೆ ಕಳಿಸಿ ಅಂದ್ರೆ ನಾನಂತೂ ನಮ್ಮ ಓನರ್ ಹತ್ರ ಕೂತು ಒಪ್ಪಿಸೋಕೆ ತಯಾರಿದ್ದೀನಿ. ಹಳ್ಳಿಯಲ್ಲಿ ಸ್ಲೈಡಿನ ರಿಸಲ್ಟ್ ಮಾರನೇ ದಿನದೊಳಗೆ ಮನೆಗೆ ಮುಟ್ಟಬೇಕು, ವಾರ ಆದ್ಮೇಲೆ ಬರೋ ಉತ್ತರ ಯಾರಿಗೂ ಬೇಡ. ಹಬ್ಬಕ್ಕೆ ಊರಿಗೆ ಬರೋ ಹುಡುಗ್ರಿಗೆ ಮೂರು ದಿನ ಊರಲ್ಲಿರೋ ಅಷ್ಟರಲ್ಲೇ ಬೆರಳು ಚುಚ್ಚಿ ಅಲ್ಲೇ ಉತ್ತರ ಹೇಳೋಕೆ ಆಶಾ ಕೈಯಲ್ಲಿ ಕಾರ್ಡ್ ಕಿಟ್ ಇರಬೇಕು. ಅತ್ತಿಗೆ ಕಳೆದ ಮೀಟಿಂಗಲ್ಲಿ ಹಬ್ಬದ ವಾರಕ್ಕೆ ಅಂತ ಬೇರೆಯಾಗಿ ಕಿಟ್ ಕೇಳಿ ಬರೆದು ಕೊಟ್ಟಿದ್ದಾರೆ, ಬರುತ್ತೆ ಅಂತ ಹೇಳಿದ್ದಾರಂತೆ.